ಎಡಗೈಯದ್ದು ಮಾತ್ರ ಸವೆದ ಗ್ಲೌಸ್

ನನ್ನ ಆಫೀಸಿನ ಮೇಜಿನ ಮೂರನೇ ಡ್ರಾಯರಿನಲ್ಲಿ ಒಂದು ಜೊತೆ ಗ್ಲೌಸ್ ಇದೆ. ಚಳಿಗೆ ಹಾಕುವಂಥದ್ದಲ್ಲ, ಕತಾರಿನ ದುಖಾನ್ ಎಂಬ ಈ ಊರಿನಲ್ಲಿ ಚಳಿಗಾಲ ಎಂದರೆ ಏಸಿಯನ್ನು ಎರಡು ಡಿಗ್ರಿ ಏರಿಸುವ ತಿಂಗಳುಗಳು, ಅಷ್ಟೇ. ಇದು ಚೆಂಡು ಜಾರದಿರಲಿ ಎಂದು ಆಟಗಾರರು ಹಾಕಿಕೊಳ್ಳುವ, ಅಂಗೈಗೆ ರಬ್ಬರು ಬಳಿದ ಗ್ಲೌಸ್. ಬಲಗೈಯದ್ದು ಹೆಚ್ಚುಕಡಿಮೆ ಹೊಸದು. ಎಡಗೈಯದ್ದು ಮಾತ್ರ ಬೆರಳುಗಳ ಬುಡದಲ್ಲಿ ಅಡ್ಡಕ್ಕೆ ಸವೆದು ತೂತಾಗಿದೆ. ಸ್ಟೇಪ್ಲರ್ ಪಿನ್ನಿಗಾಗಿ ಡ್ರಾಯರ್ ಎಳೆದಾಗಲೆಲ್ಲ ಅದೇ ಕೈಗೆ ತಾಗುತ್ತದೆ. ಪಿನ್ನೂ ಬೇಡ, ಏನೂ ಬೇಡ ಎಂದು ಡ್ರಾಯರ್ ಮುಚ್ಚಿಬಿಡುತ್ತೇನೆ. ಹೀಗಾಗಿ ನಮ್ಮ ವಿಭಾಗದ ಕಾಗದಗಳೆಲ್ಲ ಈಗ ಕ್ಲಿಪ್ಪಿನ ಮೇಲೆಯೇ ನಿಂತಿವೆ.

ಆ ಗ್ಲೌಸ್ ಹಾಕುತ್ತಿದ್ದವನು ಚೆಂಡನ್ನು ಬಲಗೈಯ ಮಡಿಲಲ್ಲಿ, ಎದೆಗೆ ಒತ್ತಿ ಹಿಡಿಯುತ್ತಿದ್ದ. ಎಡಗೈಯಲ್ಲಿ ಏನೂ ಇರುತ್ತಿರಲಿಲ್ಲ. ಇದ್ದದ್ದನ್ನು ನಾನು ನೋಡಿಲ್ಲ ಎಂದರೆ ಹೆಚ್ಚು ಸರಿಯೇನೋ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ಫುಟ್‌ಬಾಲ್ ಎಂದ ಕೂಡಲೇ ನಿಮಗೆ ನೆನಪಾಗುವ ಆಟ ಇದಲ್ಲ. ಇದು ಅಮೆರಿಕದವರ ಫುಟ್‌ಬಾಲ್. ಇದರಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಚೆಂಡಾದರೂ ಉರುಟಾಗಿದೆಯೇ ಎಂದರೆ ಅದೂ ಇಲ್ಲ, ಎಳೆಯ ಹಲಸಿನಕಾಯಿಯ ಆಕಾರ. ಈಚೆ ಹನ್ನೊಂದು ಜನ, ಆಚೆ ಹನ್ನೊಂದು ಜನ. ತಲೆಗೆ ಹೆಲ್ಮೆಟ್, ಹೆಗಲಿಗೆ ದಿಂಬು. ಈ ಗಲಾಟೆಯ ನಡುವೆ ಒಬ್ಬನ ಕೈಗೆ ಚೆಂಡು ಕೊಟ್ಟು ಓಡು ಎನ್ನುತ್ತಾರೆ. ಅವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಅವನ ಮುಂದೆ ನಮ್ಮವರು ನಾಲ್ಕೈದು ಮಂದಿ ದಾರಿ ಬಿಡಿಸುತ್ತಾ ಹೋಗಬೇಕು, ಅವರ ಬೆನ್ನಿಗೇ ಇವನು ನುಗ್ಗಬೇಕು, ಆಚೆಯವರೆಲ್ಲ ಸೇರಿ ಇವನನ್ನು ಕೆಡವಬೇಕು. ಒಂದು ಆಟದಲ್ಲಿ ಇಪ್ಪತ್ತು ಸಲವಾದರೂ ಬೀಳುತ್ತಾನೆ. ಅದಕ್ಕೇ ಆಟ ಬಲ್ಲವರಲ್ಲಿ ಇವನ ಬಗ್ಗೆ ಒಂದು ಮುಗಿಯದ ಜಗಳವಿದೆ. ಚೆನ್ನಾಗಿ ಓಡುವವನಿಗೆ ಸಂಬಳ ಕೊಟ್ಟು ಉಳಿಸಿಕೊಳ್ಳುವುದೋ, ಅಥವಾ ಮಂಡಿ ಹೋಗುವ ಮೊದಲೇ ಕೈಬಿಟ್ಟು ಡ್ರಾಫ್ಟಿನಲ್ಲಿ ಇನ್ನೊಬ್ಬನನ್ನು ತರುವುದೋ? ಡ್ರಾಫ್ಟ್ ಎಂದರೆ ಹೊಸ ಆಟಗಾರರ ಪಟ್ಟಿಯಿಂದ ಒಂದೊಂದು ತಂಡವೂ ಸರದಿಯಂತೆ ಒಬ್ಬೊಬ್ಬನನ್ನು ಹೆಕ್ಕಿಕೊಳ್ಳುವುದು.

ಶಿರ್ವದ ಹತ್ತಿರದ ಹಳ್ಳಿಯ ಲವೀನಾ ಎಂಬ ನನಗೂ ಈ ಜಗಳಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಿನಿಟ್ಸ್ ಬರೆಯುವ ಸಂಬಂಧ. ನಾನು ಇಲ್ಲಿಯ ಒಂದು ಕಂಪೆನಿಯಲ್ಲಿ ಸೆಕ್ರೆಟರಿ. ನಮ್ಮ ಹಿರಿಯ ಎಂಜಿನಿಯರ್ ಡೇಲ್ ಎಂಬವರು ಅಮೆರಿಕದವರು. ಗಲ್ಫಿನಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಕಂಪೆನಿಗೊಂದು ತಂಡ ಬೇಕೆಂದು ಹಠ ಹಿಡಿದು, ತಾವೇ ಕೋಚ್ ಆದರು. ಹದಿನೇಳು ವರ್ಷ ಅವರ ಮೀಟಿಂಗುಗಳಲ್ಲಿ ಮಿನಿಟ್ಸ್ ಬರೆದವಳೆಂಬ ಒಂದೇ ಅರ್ಹತೆಯ ಮೇಲೆ ನಾನು ಮ್ಯಾನೇಜರ್ ಆದೆ. ಮ್ಯಾನೇಜರ್ ಎಂದರೆ ಇಲ್ಲಿಯ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ದೋಹಾದ ಇಗರ್ಜಿಗೆ ಪ್ರಾರ್ಥನೆಗೆ ಹೋಗುವ ಬದಲು ಮೈದಾನದ ಅಂಚಿನಲ್ಲಿ ನಿಂತು ಟವೆಲು, ನೀರಿನ ಬಾಟಲಿ, ಗ್ಲೌಸ್ ಎಣಿಸುವವಳು. ದೇವರು ಇದನ್ನು ಯಾವ ಲೆಕ್ಕಕ್ಕೆ ಹಾಕಿಕೊಂಡಿದ್ದಾನೋ ಗೊತ್ತಿಲ್ಲ.

ಸುಧಾಕರ ಸಿಕ್ಕಿದ್ದು ಒಂದು ಬಸ್ಸಿನ ದೆಸೆಯಿಂದ. ಅವನು ದೋಹಾದ ಇಂಡಸ್ಟ್ರಿಯಲ್ ಏರಿಯಾದ, ಬೇರೆ ಕಂಪೆನಿಗಳಿಗೆ ಆಳು ಒದಗಿಸುವ ಒಂದು ಸಪ್ಲೈ ಕಂಪೆನಿಯ ರಿಗ್ಗರ್. ಭಾರದ ಸಾಮಾನು ಕಟ್ಟಿ ಮೇಲಕ್ಕೆತ್ತುವ ಕೆಲಸ. ದಿನವೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲೇ ಹೋಗುವವರಲ್ಲಿ ಒಬ್ಬ. ಒಂದು ಸಂಜೆ ಆ ಬಸ್ಸು ಇವನನ್ನು ಬಿಟ್ಟು ಹೊರಟಿತು. ಕೋಚ್ ಮತ್ತು ನಾನು ಮೈದಾನಕ್ಕೆ ಬಿಳಿ ಬಣ್ಣದ ಗೆರೆ ಎಳೆಸುತ್ತಿದ್ದೆವು. ನೋಡುತ್ತೇವೆ, ಒಬ್ಬ ಮನುಷ್ಯ ಸೇಫ್ಟಿ ಶೂ ಬಿಚ್ಚಿ ಬಲಗಂಕುಳಲ್ಲಿ ಇಟ್ಟುಕೊಂಡು, ಎಡಗೈಯನ್ನು ಮುಂದಕ್ಕೆ ಚಾಚಿ, ಬಸ್ಸಿನ ಬೆನ್ನಿಗೇ ಓಡುತ್ತಿದ್ದಾನೆ. ಬಸ್ಸು ವೇಗ ಹಿಡಿಯಿತು. ಇವನೂ ಹಿಡಿದ. ತಿರುವಿನಲ್ಲಿ ಡ್ರೈವರ್ ಕನ್ನಡಿ ನೋಡಿ ಹೆದರಿ ಬ್ರೇಕ್ ಹಾಕಿದ.

"ಆ ಮನುಷ್ಯ ನನಗೆ ಬೇಕು" ಎಂದರು ಕೋಚ್, ಬೇರೇನೂ ಹೇಳದೆ.

ಮರುದಿನ ಅವನನ್ನು ಹುಡುಕಿ ಕರೆಸಿದೆ. ಊರು ಯಾವುದು ಎಂದು ಹಿಂದಿಯಲ್ಲಿ ಶುರುಮಾಡಿದ ಮಾತು ಎರಡನೇ ವಾಕ್ಯಕ್ಕೇ ತುಳುವಿಗೆ ತಿರುಗಿತು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಕಾರ್ಕಳದ ಕಡೆಯವನು. ಆರು ವರ್ಷ ಕಂಬಳದ ಕೆಸರುಗದ್ದೆಯಲ್ಲಿ ಹಗ್ಗ ಹಿಡಿದು ಕೋಣಗಳ ಹಿಂದೆ ಓಡಿದವನು.

"ಹಾಗಾದ್ರೆ ಇದೆಂತ ದೊಡ್ಡ ವಿಷಯ ಅಲ್ಲ ಬಾಯಮ್ಮ" ಎಂದ, ಆಟವನ್ನು ನಾನು ವಿವರಿಸಿದ ಮೇಲೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆಯೇ ಕರೆಯುವುದು. "ಎದುರು ಓಡುವವರು ಇರ್ತಾರಲ್ಲ? ಅಷ್ಟಿದ್ರೆ ಸಾಕು. ಎದುರು ಯಾರೂ ಇಲ್ಲದಿದ್ರೆ ನನ್ನ ಕಾಲು ಏಳುದಿಲ್ಲ."

ಕಂಬಳ ಎಂದದ್ದೇ ತಡ, ನನ್ನ ಮನಸ್ಸು ನಮ್ಮ ಪಕ್ಕದ ಮನೆಯ ಶೆಟ್ರ ಹಟ್ಟಿಗೆ, ಅಂದರೆ ಕೊಟ್ಟಿಗೆಗೆ, ಓಡಿತು. ಶೆಟ್ರಿಗೆ ಕಂಬಳದ ಒಂದು ಜೋಡಿ ಕೋಣಗಳಿದ್ದವು. ಬೆಳಿಗ್ಗೆ ಎಣ್ಣೆ, ಸಂಜೆ ಸ್ನಾನ, ಹಂಡೆಯಲ್ಲಿ ಬೇಯಿಸಿದ ಹುರುಳಿ. ಆ ಹುರುಳಿಯನ್ನು ನಾನು ಲಂಗದ ಮಡಿಲಲ್ಲಿ ಕದ್ದು ತಂದು ಉಪ್ಪು ಹಾಕಿ ತಿನ್ನುತ್ತಿದ್ದೆ. ಇವತ್ತು ನನ್ನ ಮೈಯಲ್ಲಿ ಇರುವ ಬಲದಲ್ಲಿ ಅರ್ಧ ಆ ಕೋಣಗಳಿಗೆ ಸೇರಬೇಕಾದದ್ದು. ಅವುಗಳ ಹಿಂದೆ ಓಡುತ್ತಿದ್ದವನು ಬಾಬಣ್ಣ. ಒಂದು ವರ್ಷ ಬಾಬಣ್ಣ ಸಂಬಳ ಸ್ವಲ್ಪ ಹೆಚ್ಚು ಮಾಡಿ ಎಂದು ಕೇಳಿದ. ಶೆಟ್ರು ನಮ್ಮ ಜಗಲಿಯಲ್ಲಿ ಕೂತು ನನ್ನ ಪಪ್ಪನಿಗೆ ಹೇಳಿದ್ದು ನನಗೆ ಈಗಲೂ ಕೇಳುತ್ತದೆ: "ಕೋಣನಿಗೆ ಎಷ್ಟು ಖರ್ಚಾದ್ರೂ ಮಾಡುವ. ಓಡ್ಲಿಕ್ಕೆ ಜನ ಸಿಗ್ತದೆ. ಮೂವತ್ತು ದಾಟಿದ ಕಾಲಿಗೆ ಹಣ ಹಾಕುದು ಎಂತಕ್ಕೆ?"

ಬಾಬಣ್ಣನನ್ನು ಬಿಟ್ಟರು. ಆಮೇಲೆ ಅವನು ಮಧ್ಯಾಹ್ನದ ಹೊತ್ತು ನಮ್ಮ ಪಾಗಾರದ ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಅಮ್ಮ ಕಾಫಿ ಕೊಟ್ಟರೆ ಬಲಗೈಯಿಂದ ತೆಗೆದುಕೊಳ್ಳುತ್ತಿದ್ದ. ಎಡಗೈ ಮಡಿಲ ಮೇಲೆ ಅರ್ಧ ಮುಚ್ಚಿದ ಹಾಗೆಯೇ ಇರುತ್ತಿತ್ತು. ಹಟ್ಟಿಯಲ್ಲಿ ಕೋಣ ಒಮ್ಮೆ ಕೊರಳು ಅಲ್ಲಾಡಿಸಿದರೆ ಆ ಕೈ ತಟಕ್ಕನೆ ಬಿಗಿಯುತ್ತಿತ್ತು. ಒಂಬತ್ತು ವರ್ಷದ ನಾನು ಅದನ್ನು ನೋಡಲೆಂದೇ ಅಲ್ಲಿ ನಿಲ್ಲುತ್ತಿದ್ದೆ, ಮತ್ತು ನೋಡಿದ ಮೇಲೆ ಒಳಗೆ ಓಡುತ್ತಿದ್ದೆ.

ಇರಲಿ, ಎಲ್ಲಿದ್ದೆ? ಸುಧಾಕರ. ಅವನು ಓಡತೊಡಗಿದ ಮೇಲೆ ನಮ್ಮ ತಂಡ ಗೆಲ್ಲತೊಡಗಿತು. ಕೋಚ್‌ಗೆ ಒಂದೇ ಅಸಮಾಧಾನ. ಓಡುವಾಗ ಅವನ ಎಡಗೈ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು. ಎರಡೂ ಕೈಯಿಂದ ಚೆಂಡನ್ನು ಕಾಪಾಡು ಎಂದು ಅವರು ಗಂಟಲು ಹರಿದುಕೊಂಡರೂ ಅವನು ಬಿಡಲಿಲ್ಲ. ಇನ್ನೂ ಒಂದು ಸಂಗತಿ ಇತ್ತು. ಮುಂದೆ ದಾರಿ ಬಿಡಿಸಬೇಕಾದ ನಮ್ಮವರು ಎಡಕ್ಕೆ ಹೋದರೆ ಇವನು ಕೆಲವು ಸಲ ಬಲಕ್ಕೆ ಹೋಗುತ್ತಿದ್ದ. ಅಲ್ಲಿ ನಮ್ಮವರು ಯಾರೂ ಇರುತ್ತಿರಲಿಲ್ಲ. ಆದರೂ ಆಚೆಯವರು, ಬೆಟ್ಟದಂಥ ಆಳುಗಳು, ಎರಡು ಬದಿಗೂ ಸರಿದುಬಿಡುತ್ತಿದ್ದರು. ಯಾಕೆ ಸರಿದೆ ಎಂದು ಅವರಲ್ಲಿ ಒಬ್ಬನನ್ನು ಅವನ ಕೋಚೇ ಬೈದದ್ದನ್ನು ನಾನು ಕೇಳಿದ್ದೇನೆ. ಅವನು ಹೆಲ್ಮೆಟ್ ತೆಗೆದು ನೆಲ ನೋಡುತ್ತಾ ನಿಂತಿದ್ದ.

ಮತ್ತೆ ಆ ಜೆರ್ಸಿ. ಆಟ ಮುಗಿದ ಮೇಲೆ ಜೆರ್ಸಿಗಳನ್ನು ಲಾಂಡ್ರಿಗೆ ಕಟ್ಟುವುದು ನನ್ನ ಕೆಲಸ. ಎಲ್ಲರದ್ದೂ ಬೆನ್ನು, ಕಂಕುಳು ಒದ್ದೆಯಾಗಿರುತ್ತಿತ್ತು. ಸುಧಾಕರನದ್ದು ಎದೆಯ ಭಾಗದಲ್ಲಿ ಮಾತ್ರ, ಯಾರೋ ಎದುರಿನಿಂದ ಎರಚಿದ ಹಾಗೆ, ಚುಕ್ಕೆ ಚುಕ್ಕೆ ಒದ್ದೆ. ನಮ್ಮ ಮೈದಾನಕ್ಕೆ ಹಾಸಿರುವುದು ಪ್ಲಾಸ್ಟಿಕ್ ಹುಲ್ಲು, ಹನಿ ನೀರಿಲ್ಲ. ಒಂದು ದಿನ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೂಸಿ ನೋಡಿದೆ. ಬೆವರಲ್ಲ. ಉತ್ತ ಗದ್ದೆಯ ಕೆಸರು. ಆ ವಾಸನೆ ನನಗೆ ತಪ್ಪಲು ಸಾಧ್ಯವೇ ಇಲ್ಲ. ಜೆರ್ಸಿಯನ್ನು ಕಟ್ಟಿನೊಳಗೆ ತುರುಕಿ ಶಿಲುಬೆಯ ಗುರುತು ಮಾಡಿಕೊಂಡೆ. ಅಷ್ಟರಲ್ಲಿ ಕೋಚ್ ಬಂದದ್ದರಿಂದ ಅದನ್ನು ಕೂದಲು ಸರಿಮಾಡಿಕೊಂಡಂತೆ ಮುಗಿಸಿದೆ.

ಜನವರಿಯಲ್ಲಿ ಇಲ್ಲಿ ಕೆಲವು ಬೆಳಿಗ್ಗೆ ದಟ್ಟ ಮಂಜು ಕವಿಯುತ್ತದೆ. ಕಡಲಿನ ಕಡೆಯಿಂದ ಬಂದು, ಪೈಪುಗಳನ್ನು, ಕಂಬಗಳನ್ನು, ಕೊನೆಗೆ ನಮ್ಮ ಕಾರುಗಳನ್ನೂ ನುಂಗಿಬಿಡುತ್ತದೆ. ಅಂಥ ಒಂದು ಶುಕ್ರವಾರ ಆಟ ತಡವಾಯಿತು. ಸುಧಾಕರ ಶೂ ಬಿಚ್ಚಿಟ್ಟು ಒಬ್ಬನೇ ಕಾಲು ಬಿಸಿ ಮಾಡಿಕೊಳ್ಳಲು ಮಂಜಿನೊಳಗೆ ಓಡಿದ. ನಾನು ಗೆರೆಯ ಮೇಲೆ ನಿಂತಿದ್ದೆ. ಅವನು ಕಾಣಿಸುತ್ತಿರಲಿಲ್ಲ, ಹೆಜ್ಜೆಯ ಸದ್ದು ಮಾತ್ರ. ಆ ಸದ್ದು ನನ್ನ ಮುಂದೆ ಹಾದುಹೋಯಿತು. ಮೊದಲು ಹಾದದ್ದು ಅವನ ಹೆಜ್ಜೆಯಲ್ಲ. ಭಾರವಾದದ್ದು, ಒಂದಲ್ಲ, ನೀರಿನಲ್ಲಿ ಬಿದ್ದಂತೆ. ಅದರ ಹಿಂದೆ ಅವನ ಬರಿಗಾಲು. ನನ್ನ ಕನ್ನಡಕದ ಮೇಲೆ ನಾಲ್ಕು ಹನಿ ಬಿದ್ದವು.

ಅವನು ತಿರುಗಿ ಬಂದಾಗ ನಾನು ಕನ್ನಡಕ ಒರೆಸುತ್ತಿದ್ದೆ. ಅವನೇ ಕೇಳಿದ. "ಎಂತ ಬಾಯಮ್ಮ, ಹೆದರಿದ್ರಾ?"

"ಎದುರು ಎಂತ ಉಂಟು ಸುಧಾಕರ?"

"ನನ್ನ ಜೋಡಿ" ಎಂದ, ಮನೆಯವರ ಸುದ್ದಿ ಹೇಳುವ ಹಾಗೆ. "ಬಲಬದಿಯದ್ದು ಒಂದು ಮಳೆಗಾಲದಲ್ಲಿ ತೀರಿಹೋಯ್ತು. ಎಡಬದಿಯದ್ದು ಎಂಟು ದಿವಸ ಹುರುಳಿ ಮುಟ್ಲಿಲ್ಲ, ಅದೂ ಹೋಯ್ತು. ಮತ್ತೆ ನಾನು ಬೇರೆ ಕೋಣದ ಹಗ್ಗ ಹಿಡೀಲಿಲ್ಲ. ಇಲ್ಲಿ ಆ ಬಸ್ಸಿನ ಹಿಂದೆ ಓಡಿದ ದಿವಸ ಕೈಗೆ ಹಗ್ಗ ಸಿಕ್ತು."

ನಾನು ಅವನ ಎಡಗೈ ನೋಡಲಿಲ್ಲ. ಬಾಟಲಿಗಳನ್ನು ಎಣಿಸಿದೆ. ಹತ್ತೊಂಬತ್ತು ಬಂತು, ಮತ್ತೆ ಎಣಿಸಿದರೆ ಇಪ್ಪತ್ತೆರಡು ಬಂತು.

ಆ ಸೀಸನ್ ಮುಗಿದ ಮೇಲೆ ಪ್ರಶ್ನೆ ಎದ್ದಿತು. ಪ್ರತಿ ಕಂಪೆನಿಯೂ ಒಬ್ಬ ಆಟಗಾರನನ್ನು ಸಂಬಳಕ್ಕೆ ಇಟ್ಟುಕೊಳ್ಳಬಹುದು, ಉಳಿದವರನ್ನು ಡ್ರಾಫ್ಟಿನಲ್ಲಿ ಹೊಸದಾಗಿ ಹೆಕ್ಕಬೇಕು ಎಂಬುದು ನಮ್ಮ ಲೀಗಿನ ನಿಯಮ. ಸುಧಾಕರನನ್ನು ಇಟ್ಟುಕೊಂಡರೆ ಅವನಿಗೆ ನಮ್ಮ ಸ್ಟೋರಿನಲ್ಲಿ ಪರ್ಮನೆಂಟ್ ಕೆಲಸ, ದುಖಾನಿನಲ್ಲೇ ಒಂದು ಕೋಣೆ. ಇಲ್ಲವಾದರೆ ಸಪ್ಲೈ ಕಂಪೆನಿಯ ಕಾಂಟ್ರಾಕ್ಟು ಆ ತಿಂಗಳೇ ಮುಗಿಯುವುದಿತ್ತು, ಊರಿಗೆ ವಾಪಸು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೀಟಿಂಗಿನಲ್ಲಿ ಕೋಚ್, ಫೈನಾನ್ಸಿನ ಒಬ್ಬರು, ಮತ್ತು ನಾನು. ಕೋಚ್‌ಗೆ ಸುಧಾಕರ ಎಂದರೆ ಪ್ರೀತಿ. ಆದರೆ ಆಟದ ಬಗ್ಗೆ ಅವರದ್ದೊಂದು ಗಟ್ಟಿ ಸಿದ್ಧಾಂತ. ರನ್ನಿಂಗ್ ಬ್ಯಾಕಿಗೆ ಸಂಬಳ ಕೊಡುವುದು ನಿನ್ನೆಯ ಓಟಕ್ಕೆ ಕೊಟ್ಟ ಹಾಗೆ, ನಾಳೆಯ ಓಟ ಡ್ರಾಫ್ಟಿನಲ್ಲಿದೆ ಎನ್ನುತ್ತಿದ್ದರು. ಅವತ್ತು ಮಾತ್ರ ಅವರೂ ಹಿಂದೆಮುಂದೆ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿದರು.

"ಲವೀನಾ, ನಿಮ್ಮ ಊರಿನಲ್ಲೂ ಇಂಥ ಓಟಗಾರರು ಇದ್ದಾರೆ ಅಂದಿದ್ದೆಯಲ್ಲ? ಎಷ್ಟು ವಯಸ್ಸಿನವರೆಗೆ ಇಟ್ಟುಕೊಳ್ಳುತ್ತಾರೆ?"

ಹದಿನೇಳು ವರ್ಷಗಳಲ್ಲಿ ಆ ಮೇಜಿನ ಮೇಲೆ ಯಾರೂ ನನ್ನ ಅಭಿಪ್ರಾಯ ಕೇಳಿದ್ದಿಲ್ಲ. ನಾನು ಪೆನ್ನು ಕೆಳಗಿಟ್ಟೆ. ಬೆನ್ನು ನೆಟ್ಟಗೆ ಮಾಡಿದೆ. ಬಾಯಿ ತೆರೆದಾಗ ಹೊರಬಂದದ್ದು ನಮ್ಮ ಜಗಲಿಯಲ್ಲಿ ಕೂತಿದ್ದ ಶೆಟ್ರ ಮಾತು. "ಮೂವತ್ತಕ್ಕೆ ಬಿಟ್ಟುಬಿಡುತ್ತಾರೆ ಸರ್. ಆಮೇಲೆ ಆ ಕಾಲಿಗೆ ಹಣ ಹಾಕುವುದಿಲ್ಲ."

ಸುಧಾಕರನಿಗೆ ಮೂವತ್ತೊಂದು.

"ಖಲಾಸ್" ಎಂದು ಕೋಚ್ ಫೈಲು ಮುಚ್ಚಿದರು. ಪರಿಣತರ ಅಭಿಪ್ರಾಯದಂತೆ ಎಂದು ಮಿನಿಟ್ಸ್‌ನಲ್ಲಿ ಟೈಪ್ ಮಾಡಿದೆ. ಪರಿಣತಳು ನಾನೇ.

ಜಂಬದಿಂದ ಹೇಳಿದೆ ಎಂದರೆ ಅರ್ಧ ಮಾತ್ರ ನಿಜ. ಇನ್ನರ್ಧ ಹೆದರಿಕೆ. ಅವನು ಹೋದರೆ ಮಂಜಿನಲ್ಲಿ ನನ್ನ ಮುಂದೆ ಹಾದದ್ದೂ ಅವನೊಟ್ಟಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಇದನ್ನು ನನ್ನ ಗಂಡನಿಗೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ಹೊರಡುವ ಮುಂಚೆ ಸುಧಾಕರ ಗ್ಲೌಸ್ ಹಿಂತಿರುಗಿಸಲು ಬಂದ. ಟೀಮಿನ ಸಾಮಾನಲ್ಲವೇ, ಹಾಗೆಯೇ ಒಯ್ಯುವ ಜಾತಿಯವನಲ್ಲ ಅವನು. ಮೇಜಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತ.

"ಮೂವತ್ತಕ್ಕೆ ಬಿಡ್ತಾರೆ ಅಂತ ಹೇಳಿದ್ರಂತೆ" ಎಂದ. ಸಿಟ್ಟಿರಲಿಲ್ಲ. "ಅದು ಯಾರು ಹೇಳಿದ್ದು ಬಾಯಮ್ಮ? ನಿಮ್ಮ ಊರಲ್ಲಿ ಓಡುವವರು ಯಾರಾದ್ರೂ ಹಾಗೆ ಹೇಳಿದ್ರಾ?"

ನಾನು ಫೈಲು ಹುಡುಕುವವಳಂತೆ ಬಗ್ಗಿದೆ. ಕುತ್ತಿಗೆಯವರೆಗೂ ನಾಚಿಕೆ ಏರಿತ್ತು.

"ಹೋಗ್ಲಿ ಬಿಡಿ. ಒಂದು ಉಪಕಾರ ಮಾಡ್ಬೇಕು. ಅವು ನನ್ನೊಟ್ಟಿಗೆ ಬರುದಿಲ್ಲ. ನಿನ್ನೆ ಕರೆದು ನೋಡಿದೆ, ಮೈದಾನ ಬಿಟ್ಟು ಅಲುಗ್ಲಿಲ್ಲ. ಅವಕ್ಕೆ ಬಿಸಿಲು ಆಗುದಿಲ್ಲ. ಸ್ವಲ್ಪ ನೀರು ಇಡಿ."

ಆಯ್ತು ಎಂದೆ. ಇಡಲಿಲ್ಲ. ನಲ್ವತ್ತನಾಲ್ಕು ವರ್ಷದ ಹೆಂಗಸು, ಕಂಪೆನಿಯ ಐಡಿ ಕಾರ್ಡು ಕೊರಳಲ್ಲಿ ನೇತುಹಾಕಿಕೊಂಡು, ಕತಾರಿನ ಬಿಸಿಲಿನಲ್ಲಿ ಕಾಣದ ಕೋಣಗಳಿಗೆ ನೀರು ಹೊತ್ತರೆ ನೋಡಿದವರು ಏನೆಂದಾರು?

ಹೊಸ ಸೀಸನ್ನಿಗೆ ಡ್ರಾಫ್ಟಿನಲ್ಲಿ ಬಂದವನು ಜೋಯಲ್. ಫಿಲಿಪೀನ್ಸಿನವನು, ಇಪ್ಪತ್ತಮೂರು ವರ್ಷ, ದೋಹಾದ ಒಂದು ಹೋಟೆಲಿನಲ್ಲಿ ಕೆಲಸ. ಸುಧಾಕರನನ್ನು ಅವನು ಕಂಡದ್ದೇ ಇಲ್ಲ. ಕಂಬಳ ಎಂಬ ಪದ ಅವನ ಕಿವಿಗೆ ಬಿದ್ದಿರಲು ಸಾಧ್ಯವಿಲ್ಲ. ಮೊದಲ ಎರಡು ಆಟ ಎಲ್ಲರಂತೆ ಓಡಿದ. ಮೂರನೆಯದರಲ್ಲಿ ಅವನ ಎಡಗೈ ಮುಂದಕ್ಕೆ ಹೋಯಿತು. ಕೋಚ್ ಅದೇ ಹಳೆಯ ಬೈಗುಳವನ್ನು ಬೈದರು. ನನ್ನ ಕೈಯಲ್ಲಿದ್ದ ಟವೆಲುಗಳು ನೆಲಕ್ಕೆ ಬಿದ್ದವು.

ಒಂದು ತಿಂಗಳ ಮೇಲೆ ಅವನು ಆಫೀಸಿಗೆ ಬಂದ. "ಮೇಡಂ, ಗ್ಲೌಸ್ ಇನ್ನೊಂದು ಇದೆಯಾ? ಎಡಗೈಯದ್ದು ಮಾತ್ರ ಸಾಕು."

ಮೇಜಿನ ಮೇಲಿಟ್ಟ. ಬೆರಳುಗಳ ಬುಡದಲ್ಲಿ, ಅಡ್ಡಕ್ಕೆ, ರಬ್ಬರು ಎದ್ದುಹೋಗಿತ್ತು.

"ಏನಾಯಿತು ಜೋಯಲ್?"

"ಗೊತ್ತಿಲ್ಲ ಮೇಡಂ. ಓಡುವಾಗ ಎಳೆಯುತ್ತದೆ. ಒಳ್ಳೆಯದೇ, ಬೇಗ ಓಡುತ್ತೇನೆ." ಬಾಗಿಲ ತನಕ ಹೋಗಿ ತಿರುಗಿದ. "ಮುಂದೆ ಓಡುವವರಿಗೆ ಸ್ವಲ್ಪ ಹೇಳಿ. ಮುಖಕ್ಕೆಲ್ಲ ನೀರು ಹಾರಿಸುತ್ತಾರೆ."

ಅವತ್ತೇ ಸುಧಾಕರನಿಗೆ ಫೋನ್ ಮಾಡಿದೆ. ಊರಿನಲ್ಲಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಾನೆ. ಹೇಗಿದ್ದೀರಿ ಎಂದು ಕೂಡ ಕೇಳಲಿಲ್ಲ ಅವನು. "ನೀರು ಇಟ್ಟಿದ್ದೀರಲ್ಲ ಬಾಯಮ್ಮ?" ಎಂದ.

"ಇಟ್ಟಿದ್ದೇನೆ" ಎಂದೆ. ಆ ಸುಳ್ಳನ್ನು ಸಂಜೆಯೊಳಗೆ ನಿಜ ಮಾಡುವ ಅವಸರದಲ್ಲಿ ಪ್ಯಾಂಟ್ರಿಯ ನೀಲಿ ಬಕೆಟ್ಟನ್ನೇ ಎತ್ತಿಕೊಂಡು ಹೋದೆ. ಟೀ ಮಾಡುವವನು ಎರಡು ದಿನ ಅದನ್ನು ಹುಡುಕಿದ. ಅಂದಿನಿಂದ ಪ್ರತಿ ಗುರುವಾರ ಆಫೀಸು ಬಿಟ್ಟ ಮೇಲೆ ಮೈದಾನದ ಮೂಲೆಯಲ್ಲಿ ಒಂದು ಬಕೆಟ್ ನೀರು ಇಡುವುದು ರೂಢಿಯಾಯಿತು. ಶುಕ್ರವಾರ ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಲೋಟದಷ್ಟು ಇರುತ್ತಿತ್ತು. ಇಲ್ಲಿಯ ಗಾಳಿಗೆ ನೀರು ಆರದೆ ಇನ್ನೇನು ಎಂದು ಧೈರ್ಯ ಹೇಳಿಕೊಳ್ಳುತ್ತಿದ್ದೆ. ಮನುಷ್ಯನಿಗೆ ಬೇಕಾದಾಗ ವಿಜ್ಞಾನ ಎಷ್ಟು ಬೇಗ ಸಹಾಯಕ್ಕೆ ಬರುತ್ತದೆ ನೋಡಿ.

ಈ ಸಲ ಸೀಸನ್ ಮುಗಿಯುವ ಮೊದಲೇ ಅದೇ ಮೀಟಿಂಗ್ ಕೂತಿತು. ಜೋಯಲ್‌ನ ಮಂಡಿ ಊದತೊಡಗಿತ್ತು. ಸಂಬಳಕ್ಕೆ ಇಟ್ಟುಕೊಳ್ಳುವುದೋ, ಡ್ರಾಫ್ಟಿಗೆ ಹೋಗುವುದೋ? "ಲವೀನಾ ಹೋದ ಸಲವೇ ಹೇಳಿದ್ದಾಳಲ್ಲ" ಎಂದರು ಕೋಚ್. "ಯಲ್ಲಾ, ನಡೆಯಲಿ, ಮುಂದಿನ ವಿಷಯ."

"ಅದು ತಪ್ಪು ಸರ್" ಎಂದೆ. ನನ್ನ ಸ್ವರ ನನಗೇ ಜೋರಾಗಿ ಕೇಳಿತು. "ಅದು ಕೋಣದ ಯಜಮಾನರು ಹೇಳಿದ ಮಾತು. ಓಡುವವರನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮ ಊರಲ್ಲಿ ಒಬ್ಬನನ್ನು ಹಾಗೆ ಬಿಟ್ಟರು. ಅವನ ಕೈ ಆಮೇಲೆ ಪೂರ್ತಿ ಬಿಚ್ಚಲೇ ಇಲ್ಲ. ಇಲ್ಲಿ ಇನ್ನೊಬ್ಬನನ್ನು ನಾನು ಬಿಡಿಸಿದೆ. ಮೂರನೆಯವನನ್ನು ಬಿಡಿಸುವುದಿಲ್ಲ."

ಕೋಚ್ ನಿಧಾನವಾಗಿ, ಆಗಲಿ ಎಂದು ತಲೆಯಾಡಿಸಿದರು. ಜೋಯಲ್‌ಗೆ ಸ್ಟೋರಿನ ಕೆಲಸ ಸಿಕ್ಕಿತು, ಮಂಡಿಗೆ ಡಾಕ್ಟರೂ ಸಿಕ್ಕಿದರು. ಹಾಗಾದರೆ ಸುಧಾಕರನನ್ನು ಕರೆಸಬಹುದೇ ಎಂದು ಕೇಳಿದೆ. ಇರುವುದೊಂದೇ ಜಾಗ ಲವೀನಾ, ಅದನ್ನು ನೀನೇ ಈಗ ಕೊಡಿಸಿದೆಯಲ್ಲ ಎಂದರು. ನಾನು ಮಾಡಿದ್ದು ಹಾಗೆಯೇ ಉಳಿಯಿತು. ಅವನು ಅಲ್ಲಿ ವ್ಯಾನ್ ಓಡಿಸುತ್ತಾನೆ. ಬಿಸಿಲಿಗೆ ಆಗದ ಎರಡು ಜೀವಗಳು ಇಲ್ಲಿವೆ.

ಆ ವಾರದ ಶುಕ್ರವಾರ ಮತ್ತೆ ಮಂಜು. ಕಾರಿನಿಂದ ಇಳಿದರೆ ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ. ತಂತಿ ಬೇಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಪ್ಲಾಸ್ಟಿಕ್ ಹುಲ್ಲು ತೊಯ್ದಿತ್ತು, ಗೋಲಿನ ಕಂಬದಿಂದ ಹನಿ ಬೀಳುತ್ತಿತ್ತು. ಒಂದು ಕರ್ಚೀಫು ಒಣಗಿಸಲು ಇಟ್ಟರೂ ಒದ್ದೆಯಾಗಿ ವಾಪಸು ಬರುವ ದಿನ. ನಾನು ಬೇಲಿ ಹಿಡಿದುಕೊಂಡು ಮೂಲೆಯವರೆಗೆ ಹೋದೆ.

ಬಕೆಟ್ ಖಾಲಿಯಾಗಿತ್ತು. ತಳ ಒರೆಸಿದ ಹಾಗೆ ಒಣಗಿತ್ತು. ಅಂಚಿನ ಒಂದು ಬದಿಯಲ್ಲಿ ಮಾತ್ರ ಜೊಲ್ಲಿನ ಸಣ್ಣ ಎಳೆ.

ಎಷ್ಟು ಹೊತ್ತು ನಿಂತೆನೋ. ಹೆದರಿಕೆ ಆಗಲಿಲ್ಲ. ನಿಜವಾಗಿ ಆದದ್ದು ಅಳು. ಯಾಕೆಂದರೆ ಅಲ್ಲಿ ನಿಂತಾಗ ನನಗೆ ಹೊಳೆದದ್ದು ಒಂದೇ, ಇಷ್ಟು ತಿಂಗಳೂ ನಾನು ಒಂದೇ ಬಕೆಟ್ ಇಡುತ್ತಿದ್ದೆ. ಒಂದು ಕುಡಿಯುವಾಗ ಇನ್ನೊಂದು ಪಕ್ಕದಲ್ಲಿ ಕಾಯುತ್ತಾ ನಿಂತಿರಬೇಕು.

ಈಗ ಎರಡು ಇಡುತ್ತೇನೆ.